ತವರಿನ ಹೆಸರು, ಗಂಡನ ಮನೆಯ ಹೆಸರು: ಮಾಜಿ ಸೈನಿಕರೊಬ್ಬರ ಸೇವಾ ದಾಖಲೆ ತಿದ್ದಿಸಿದ ಪ್ರಕರಣ

ಮಾಜಿ ಸೈನಿಕರ ಕಾಗದಪತ್ರಗಳನ್ನು ನೋಡಿಕೊಡುವ ಕೆಲಸದಲ್ಲಿ ನನ್ನ ಮುಂದೆ ಅತಿ ಹೆಚ್ಚು ಸಲ ಬಂದಿರುವ ತಕರಾರು ಹೆಂಡತಿಯ ಹೆಸರಿನದು. ಸೈನಿಕ ಬದುಕಿರುವವರೆಗೆ ಅದರ ಬಿಸಿ ಯಾರಿಗೂ ತಟ್ಟುವುದಿಲ್ಲ. ಪಿಂಚಣಿ ತಿಂಗಳು ತಿಂಗಳು ಅವನ ಖಾತೆಗೆ ಬೀಳುತ್ತಿರುತ್ತದೆ, ದಾಖಲೆಯಲ್ಲಿ ಹೆಂಡತಿಯ ಹೆಸರು ಏನಿದೆ ಎಂದು ಯಾರೂ ತೆಗೆದು ನೋಡುವುದಿಲ್ಲ. ಅವನು ತೀರಿಕೊಂಡ ಮೇಲೆ ಅದೇ ಹೆಸರು ಅವಳ ಅನ್ನದ ಪ್ರಶ್ನೆಯಾಗುತ್ತದೆ. ಸೇನೆಯಲ್ಲಿ ಗುಮಾಸ್ತನಾಗಿ ಇಂಥ ಕಡತಗಳ ನಡುವೆಯೇ ವರ್ಷಗಳನ್ನು ಕಳೆದವನು ನಾನು. ನಿವೃತ್ತಿಯ ನಂತರ ನೋಡಿದ ಪ್ರಕರಣಗಳಲ್ಲಿ ಒಂದನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ. ದಂಪತಿಯ ಒಪ್ಪಿಗೆ ಪಡೆದಿದ್ದೇನೆ. ಊರು, ರೆಜಿಮೆಂಟ್, ಹೆಸರುಗಳನ್ನು ಮರೆಮಾಡಿದ್ದೇನೆ. ಸೈನಿಕರನ್ನು ರಾಮಪ್ಪ ಎಂದು ಕರೆಯೋಣ. ಅವರ ಪತ್ನಿಯ ಎರಡು ಹೆಸರುಗಳು ಶಾಂತವ್ವ ಮತ್ತು ಸುವರ್ಣಾ ಎಂದಿರಲಿ.

ಹಿನ್ನೆಲೆ

ರಾಮಪ್ಪನವರದು ಬೆಳಗಾವಿ ಜಿಲ್ಲೆಯಲ್ಲಿ ಕೃಷ್ಣಾ ನದಿಯ ದಂಡೆಗಿರುವ ಒಂದು ಹಳ್ಳಿ. ಸೇನೆಗೆ ಹುಡುಗರನ್ನು ಕಳಿಸುವ ವಾಡಿಕೆ ತಲೆಮಾರುಗಳಿಂದ ಇರುವ ಊರುಗಳು ಆ ಜಿಲ್ಲೆಯಲ್ಲಿ ಹಲವಿವೆ. ಎಪ್ಪತ್ತರ ದಶಕದ ಮಧ್ಯದಲ್ಲಿ ಭರ್ತಿಯಾದ ಅವರು ತೊಂಬತ್ತರ ದಶಕದ ಆರಂಭದಲ್ಲಿ ನಾಯಕ್ ಹುದ್ದೆಯಿಂದ ಪಿಂಚಣಿಯೊಂದಿಗೆ ಹೊರಬಂದರು. ಆಮೇಲೆ ಸಕ್ಕರೆ ಕಾರ್ಖಾನೆಯೊಂದರಲ್ಲಿ ಕಾವಲು ಕೆಲಸ ಮಾಡಿದರು, ಜೊತೆಗೆ ಹೊಲ ನೋಡಿಕೊಂಡರು.

ಭರ್ತಿಯಾದಾಗ ಅವರಿಗೆ ಮದುವೆಯಾಗಿರಲಿಲ್ಲ. ಕೆಲವು ವರ್ಷಗಳ ನಂತರ ವಾರ್ಷಿಕ ರಜೆಯಲ್ಲಿ ಬಂದಾಗ ಮದುವೆಯಾಯಿತು. ಗಡಿ ಭಾಗದ ಅನೇಕ ಮನೆತನಗಳಲ್ಲಿ ಮದುವೆಯ ದಿನ ಸೊಸೆಗೆ ಹೊಸ ಹೆಸರಿಡುವ ಪದ್ಧತಿ ಇದೆ. ಹರಿವಾಣದಲ್ಲಿ ಅಕ್ಕಿ ಹರಡಿ, ವರ ಉಂಗುರದಿಂದ ಆ ಹೆಸರನ್ನು ಬರೆಯುತ್ತಾನೆ. ಅಂದಿನಿಂದ ತವರಿನ ಹೆಸರು ತವರಿನಲ್ಲೇ ಉಳಿಯುತ್ತದೆ. ಶಾಂತವ್ವ ಆ ದಿನ ಸುವರ್ಣಾ ಆದರು. ರೇಷನ್ ಕಾರ್ಡು, ಮತದಾರರ ಪಟ್ಟಿ, ಬ್ಯಾಂಕ್ ಪಾಸ್‌ಬುಕ್, ಕೊನೆಗೆ ಆಧಾರ್, ಎಲ್ಲದರಲ್ಲೂ ಅವರು ಸುವರ್ಣಾ.

ರಜೆ ಮುಗಿಸಿ ಪಲ್ಟನ್ನಿಗೆ ಮರಳಿದ ರಾಮಪ್ಪ ಮದುವೆಯ ವಿವರವನ್ನು ಕಂಪನಿ ಗುಮಾಸ್ತನಿಗೆ ಕೊಟ್ಟರು. ಜೊತೆಗಿದ್ದ ಆಧಾರವೆಂದರೆ ಲಗ್ನಪತ್ರಿಕೆ ಮತ್ತು ಅದನ್ನು ನೋಡಿ ಊರಿನ ಪಂಚಾಯಿತಿಯವರು ಬರೆದುಕೊಟ್ಟ ಚೀಟಿ. ಲಗ್ನಪತ್ರಿಕೆ ಅಚ್ಚಾಗುವಾಗ ಹುಡುಗಿ ಇನ್ನೂ ಶಾಂತವ್ವ. ಹಾಗಾಗಿ ಮದುವೆಯ ಪಾರ್ಟ್ ಟೂ ಆರ್ಡರ್ ಶಾಂತವ್ವ ಎಂಬ ಹೆಸರಿನಲ್ಲಿ ಹೊರಬಿತ್ತು.

ಪಾರ್ಟ್ ಟೂ ಆರ್ಡರ್ ಎಂದರೆ ಸೈನಿಕನ ಬದುಕಿನ ಮದುವೆ, ಮಕ್ಕಳ ಜನನ, ಬಡ್ತಿ, ರಜೆ ಇವನ್ನೆಲ್ಲ ಅಧಿಕೃತವಾಗಿ ದಾಖಲಿಸುವ ಆದೇಶ. ಅದರ ಆಧಾರದ ಮೇಲೆಯೇ ಅವನ ಶೀಟ್ ರೋಲ್, ಅಂದರೆ ಸೇವೆಯ ಮೂಲ ದಾಖಲೆ, ತುಂಬುತ್ತದೆ, ಶೀಟ್ ರೋಲ್ ನೋಡಿ ಸೇನೆ ಬಿಡುವಾಗ ಕೈಗೆ ಕೊಡುವ ಡಿಸ್ಚಾರ್ಜ್ ಬುಕ್ ಮತ್ತು ಪಿಂಚಣಿ ಕಾಗದ ತಯಾರಾಗುತ್ತವೆ. ಸಿಪಾಯಿಯಿಂದ ಸುಬೇದಾರ್ ಮೇಜರ್‌ವರೆಗಿನವರ ಈ ಮೂಲ ದಾಖಲೆಗಳು ಅವರವರ ರೆಜಿಮೆಂಟ್ ಅಥವಾ ಕೋರ್‌ನ ರೆಕಾರ್ಡ್ಸ್ ಕಚೇರಿಯಲ್ಲಿರುತ್ತವೆ. ಮದ್ರಾಸ್ ಸ್ಯಾಪರ್ಸ್‌ನವರದು ಬೆಂಗಳೂರಿನಲ್ಲಿದೆ, ಮರಾಠಾ ಲಘು ಪದಾತಿದಳದವರದು ಬೆಳಗಾವಿಯಲ್ಲಿ, ತೋಪಖಾನೆಯವರದು ನಾಸಿಕ್ ರೋಡ್‌ನಲ್ಲಿ, ಸಿಗ್ನಲ್ಸ್‌ನವರದು ಜಬಲ್‌ಪುರದಲ್ಲಿ, ಯಂತ್ರ, ವಾಹನಗಳನ್ನು ದುರಸ್ತಿ ಮಾಡುವ ಇಎಂಇ ದಳದವರದು ಸಿಕಂದರಾಬಾದ್‌ನಲ್ಲಿ. ಪಿಂಚಣಿ ಪಾವತಿ ಆದೇಶ, ಅಂದರೆ ಪಿಪಿಓ, ಹೊರಡುವುದು ಮಾತ್ರ ಪ್ರಯಾಗರಾಜ್‌ನ ರಕ್ಷಣಾ ಲೆಕ್ಕಪತ್ರಗಳ ಪಿಂಚಣಿ ಕಚೇರಿಯಿಂದ. ಅದು ರೆಕಾರ್ಡ್ಸ್ ಕಚೇರಿ ಕಳಿಸಿದ್ದನ್ನು ಅಚ್ಚು ಮಾಡುತ್ತದೆಯೇ ಹೊರತು ತಾನಾಗಿ ಯಾರ ಹೆಸರನ್ನೂ ತಿದ್ದುವುದಿಲ್ಲ. ಇದನ್ನು ತಿಳಿಯದೆ ಎಷ್ಟೋ ಜನ ಬ್ಯಾಂಕಿಗೂ ಪ್ರಯಾಗರಾಜ್‌ಗೂ ಪತ್ರ ಬರೆದು ಕಾಯುತ್ತ ಕೂಡುತ್ತಾರೆ.

ತೊಂದರೆ ಕಣ್ಣಿಗೆ ಬಿದ್ದದ್ದು

ರಕ್ಷಣಾ ಪಿಂಚಣಿಗಳನ್ನು ಬ್ಯಾಂಕುಗಳಿಂದ ಸ್ಪರ್ಶ್ ಎಂಬ ಆನ್‌ಲೈನ್ ವ್ಯವಸ್ಥೆಗೆ ವರ್ಗಾಯಿಸಿದಾಗ ರಾಮಪ್ಪನವರ ಖಾತೆಯೂ ಅಲ್ಲಿಗೆ ಹೋಯಿತು. ನವೆಂಬರ್‌ನಲ್ಲಿ ಜೀವಿತ ಪ್ರಮಾಣಪತ್ರ ಕೊಡಬೇಕಾಗಿ ಬಂದಾಗ, ಪುಣೆಯಲ್ಲಿ ಕೆಲಸದಲ್ಲಿರುವ ಮಗ ಮನೆಗೆ ಬಂದು ಮೊದಲ ಬಾರಿಗೆ ಆ ಪುಟ ತೆರೆದ. ಪತ್ನಿಯ ಹೆಸರು ಶಾಂತವ್ವ. ಪತ್ನಿಯ ಜನ್ಮದಿನಾಂಕದ ಜಾಗ ಖಾಲಿ. ರಾಮಪ್ಪನವರ ಜನ್ಮದಿನಾಂಕ ಆಧಾರ್‌ನಲ್ಲಿ ಇರುವುದಕ್ಕಿಂತ ಎರಡು ವರ್ಷ ಹಿಂದಿನದು. ಮಗನಿಗೆ ತಾಯಿಯ ತವರಿನ ಹೆಸರೇ ಗೊತ್ತಿರಲಿಲ್ಲ.

ಇದನ್ನು ಹಾಗೆಯೇ ಬಿಟ್ಟರೆ ಏನಾಗುತ್ತದೆ? ಕುಟುಂಬ ಪಿಂಚಣಿ ಕೊನೆಯ ವೇತನದ ಶೇಕಡ 30ರಷ್ಟು, ಕನಿಷ್ಠ ತಿಂಗಳಿಗೆ 9,000 ರೂಪಾಯಿ, ಅದರ ಮೇಲೆ ತುಟ್ಟಿಭತ್ಯೆ. ಶಾಂತವ್ವ ಎಂಬ ಹೆಸರಿನ ಯಾವ ಗುರುತಿನ ಚೀಟಿಯೂ ಇಲ್ಲದ ವಿಧವೆ ಅದನ್ನು ಕೇಳಲು ಹೋಗಬೇಕಾಗುತ್ತದೆ. ಜನ್ಮದಿನಾಂಕವೂ ಬರೀ ಅಂದದ ವಿಷಯವಲ್ಲ. ಪಿಂಚಣಿದಾರರಿಗೆ 80 ತುಂಬಿದಾಗ ಶೇಕಡ 20, 85ಕ್ಕೆ 30, 90ಕ್ಕೆ 40 ಹೀಗೆ ಹೆಚ್ಚುವರಿ ಮೊತ್ತ ಸೇರುತ್ತದೆ, ಕುಟುಂಬ ಪಿಂಚಣಿಗೂ ಅದು ಅನ್ವಯಿಸುತ್ತದೆ. ದಾಖಲೆಯಲ್ಲಿ ದಿನಾಂಕವೇ ಇಲ್ಲದವಳಿಗೆ 80 ತುಂಬಿತೆಂದು ಯಾರು ಲೆಕ್ಕ ಹಾಕುತ್ತಾರೆ?

ನಮ್ಮ ತಾಲ್ಲೂಕಿನಲ್ಲೇ ಒಬ್ಬರ ಸ್ಥಿತಿ ಹೀಗಾಗಿದೆ. ಗಂಡ ತೀರಿಕೊಂಡ ಮೇಲೆ ಹೆಸರಿನ ವ್ಯತ್ಯಾಸ ಹೊರಬಂತು. ಅರ್ಜಿಗೆ ಸಹಿ ಮಾಡಿ 'ಇವಳೇ ನನ್ನ ಹೆಂಡತಿ' ಎನ್ನಬೇಕಾದವನೇ ಇಲ್ಲ. ಆ ತಾಯಿ ಮಗಳ ಮನೆಯಲ್ಲಿ ಕೂತು ಇನ್ನೂ ಉತ್ತರ ಕಾಯುತ್ತಿದ್ದಾರೆ.

ಮೊದಲ ಪ್ರಯತ್ನ

ರಾಮಪ್ಪ ನನ್ನ ಬಳಿ ಬರುವ ಮೊದಲೇ ತಾಲ್ಲೂಕು ಕಚೇರಿಯ ಎದುರಿನ ಏಜೆಂಟನೊಬ್ಬನ ಕೈಯಲ್ಲಿ ಕೆಲಸ ಶುರುವಾಗಿತ್ತು. ಅವನು ನೋಟರಿಯಿಂದ ಮಾಡಿಸಿದ ಅಫಿಡವಿಟ್‌ನ ಸಾರ ಇದು: 'ಸೇನಾ ದಾಖಲೆಯಲ್ಲಿರುವ ಶಾಂತವ್ವ ಎಂಬ ಹೆಸರು ತಪ್ಪು. ನನ್ನ ಹೆಂಡತಿ ಸುವರ್ಣಾ. ಶಾಂತವ್ವಳ ಹೆಸರನ್ನು ತೆಗೆದು ಸುವರ್ಣಾಳ ಹೆಸರನ್ನು ಸೇರಿಸಬೇಕು.' ಇದರ ಜೊತೆಗೆ ಆಧಾರ್ ಪ್ರತಿ ಇಟ್ಟು ರೆಕಾರ್ಡ್ಸ್ ಕಚೇರಿಗೆ ರಿಜಿಸ್ಟರ್ಡ್ ಅಂಚೆ ಮಾಡಿಸಿದ್ದ.

ಕೆಲವು ತಿಂಗಳ ನಂತರ ಉತ್ತರ ಬಂತು. ಮೊದಲ ಪತ್ನಿ ಶಾಂತವ್ವಳ ಮರಣ ಪ್ರಮಾಣಪತ್ರವನ್ನು ಅಥವಾ ನ್ಯಾಯಾಲಯದ ವಿಚ್ಛೇದನ ಆದೇಶವನ್ನು ಕಳಿಸಿ, ಎರಡನೆಯ ಮದುವೆಯ ದಿನಾಂಕ ತಿಳಿಸಿ ಎಂದು ಅದರಲ್ಲಿತ್ತು.

ಪತ್ರ ಹಿಂದಿಯಲ್ಲಿತ್ತು. ಮಗ ಅದನ್ನು ಓದಿ ಹೇಳಿದಾಗ ಮನೆಯಲ್ಲಿ ಎದ್ದ ಸಂಕಟವನ್ನು ರಾಮಪ್ಪ ಹೇಳಿಕೊಳ್ಳಲಾರದೆ ಹೇಳಿಕೊಂಡರು. ಅವರ ಜೊತೆ ಬಂದಿದ್ದ ಸುವರ್ಣಾ ವೈನಿ (ನಮ್ಮ ಕಡೆ ಅತ್ತಿಗೆಯನ್ನು ಹೀಗೆ ಕರೆಯುತ್ತೇವೆ) ನನ್ನನ್ನು ನೇರವಾಗಿ ಕೇಳಿದರು: 'ನಲವತ್ತೈದು ವರ್ಷ ಸಂಸಾರ ಮಾಡಿದ್ದೇನೆ ಅಣ್ಣಾ. ಇವರು ಗಡಿಯಲ್ಲಿದ್ದಾಗ ಅತ್ತೆ ಮಾವನನ್ನು ನೋಡಿಕೊಂಡವಳು ನಾನು. ಈಗ ಸರ್ಕಾರದ ಲೆಕ್ಕದಲ್ಲಿ ನಾನು ಎರಡನೆಯವಳೇ?'

ಅವರ ನೋವು ನ್ಯಾಯವಾದದ್ದು. ಆದರೆ ಆ ಪತ್ರ ಬರೆದ ಗುಮಾಸ್ತನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವನ ಮುಂದಿದ್ದ ಕಾಗದ ಹೇಳಿದ್ದು ಅದನ್ನೇ: ಒಬ್ಬಳನ್ನು ತೆಗೆಯಿರಿ, ಇನ್ನೊಬ್ಬಳನ್ನು ಸೇರಿಸಿ. ಮೊದಲ ಹೆಂಡತಿಯನ್ನು ಊರಲ್ಲಿ ಬಿಟ್ಟು ಎರಡನೆಯವಳ ಹೆಸರು ತೂರಿಸಲು ನೋಡುವವರೂ ಇದ್ದಾರೆ. ಹಾಗೆ ಬಿಟ್ಟುಹೋದ ಹೆಂಗಸಿಗೆ ಇರುವ ಒಂದೇ ಕಾವಲು ಆ ಕಚೇರಿಯ ಈ ಪ್ರಶ್ನೆ. ಅದನ್ನು ಕೇಳದೆ ಬಿಡುವ ಕಚೇರಿ ನಮಗೆ ಬೇಡ.

ಏಜೆಂಟನ ಬಳಿ ಇನ್ನೆರಡು ಉಪಾಯಗಳು ಸಿದ್ಧವಾಗಿದ್ದವು. ಒಂದು, ಭಾರತ ಸರ್ಕಾರದ ಗೆಜೆಟ್‌ನಲ್ಲಿ ಹೆಸರು ಬದಲಾವಣೆಯ ಪ್ರಕಟಣೆ. ಇನ್ನೊಂದು, ಈಗ ಹೊಸದಾಗಿ ಮದುವೆ ನೋಂದಣಿ ಮಾಡಿಸುವುದು. ಎರಡನ್ನೂ ಸದ್ಯಕ್ಕೆ ಬೇಡವೆಂದೆ. ಗೆಜೆಟ್ ಪ್ರಕಟಣೆ ಹೇಳುವುದು 'ಇನ್ನು ಮುಂದೆ ನನ್ನನ್ನು ಈ ಹೆಸರಿನಿಂದ ಕರೆಯಬೇಕು' ಎಂದು. ನಾಲ್ಕು ದಶಕಗಳ ಹಿಂದೆಯೇ ಆದ ಬದಲಾವಣೆಗೆ ಇವತ್ತಿನ ದಿನಾಂಕ ಬಿದ್ದರೆ, ನಡುವಿನ ವರ್ಷಗಳ ಸುವರ್ಣಾ ಯಾರು ಎಂಬ ಹೊಸ ಪ್ರಶ್ನೆ ಏಳುತ್ತದೆ. ಗೆಜೆಟ್ ಕೇಳುವ ಕಚೇರಿಗಳೂ ಇವೆ, ಕೇಳಿದರೆ ಮಾಡಿಸಲೇಬೇಕು. ಕೇಳುವ ಮೊದಲೇ ಮಾಡಿಸಬಾರದು. ಮದುವೆ ನೋಂದಣಿಯಂತೂ ಇನ್ನೂ ಅಪಾಯದ್ದಾಗಿತ್ತು. ಸುವರ್ಣಾ ಎಂಬ ಒಂದೇ ಹೆಸರಿರುವ ಹೊಸ ವಿವಾಹ ಪ್ರಮಾಣಪತ್ರ ಹೋಗಿದ್ದರೆ, ಎರಡನೆಯ ಮದುವೆಯ ಅನುಮಾನಕ್ಕೆ ನಾವೇ ಸಾಕ್ಷಿ ಒದಗಿಸಿದಂತಾಗುತ್ತಿತ್ತು.

ದಾಖಲೆ ಏನು ಹೇಳುತ್ತದೆ ಎಂದು ಮೊದಲು ನೋಡಿದ್ದು

ಇಷ್ಟೆಲ್ಲ ಓಡಾಟದಲ್ಲಿ ಯಾರೂ ಮಾಡದಿದ್ದ ಕೆಲಸವೆಂದರೆ ಮೂಲ ದಾಖಲೆಯಲ್ಲಿ ನಿಜವಾಗಿ ಏನಿದೆ ಎಂದು ನೋಡುವುದು. ರಾಮಪ್ಪನವರ ಬಳಿ ಇದ್ದ ಡಿಸ್ಚಾರ್ಜ್ ಬುಕ್‌ನ ಕುಟುಂಬದ ಪುಟ ಗೆದ್ದಲು ತಿಂದು ಓದಲಾಗದಂತಿತ್ತು. ಹಾಗಾಗಿ 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟು, ರಾಮಪ್ಪನವರ ಸಹಿಯಲ್ಲೇ ಅರ್ಜಿ ಕಳಿಸಿದೆವು. ಕೇಳಿದ್ದು ಮೂರು ವಿಷಯ: ಶೀಟ್ ರೋಲ್‌ನ ಕುಟುಂಬ ವಿವರದ ಪುಟ, ಮದುವೆ ಮತ್ತು ಮಕ್ಕಳ ಜನನದ ಪಾರ್ಟ್ ಟೂ ಆರ್ಡರ್‌ಗಳ ಪ್ರತಿ, ನಿವೃತ್ತಿಯ ವೇಳೆ ಸಲ್ಲಿಸಿದ ಪಿಂಚಣಿ ಕಾಗದಗಳ ಪ್ರತಿ. ಸೇನೆಗೆ ಮಾಹಿತಿ ಹಕ್ಕು ಅನ್ವಯಿಸುವುದಿಲ್ಲ ಎಂಬ ತಪ್ಪು ತಿಳಿವಳಿಕೆ ಮಾಜಿ ಸೈನಿಕರಲ್ಲಿ ಬೇರೂರಿದೆ. ಕಾಯ್ದೆಯ ಎರಡನೆಯ ಅನುಸೂಚಿಯಲ್ಲಿ ವಿನಾಯಿತಿ ಪಡೆದವರ ಪಟ್ಟಿ ಇದೆ. ಗಡಿ ಭದ್ರತಾ ಪಡೆಯಂಥವು ಅದರಲ್ಲಿವೆ, ಭೂಸೇನೆ ಇಲ್ಲ. ತನ್ನದೇ ಸೇವಾ ದಾಖಲೆಯ ಪ್ರತಿಯನ್ನು ಸೈನಿಕ ಕೇಳಿ ಪಡೆಯಬಹುದು.

ಪ್ರತಿಗಳು ಬಂದವು. ಇಡೀ ಪ್ರಕರಣ ತಿರುಗಿದ್ದು ಅಲ್ಲಿ.

ಮದುವೆಯ ಆದೇಶದಲ್ಲಿ ಶಾಂತವ್ವ ಇದ್ದರು, ಅದು ನಿರೀಕ್ಷಿಸಿದ್ದೇ. ಹಿರಿಯ ಮಗಳ ಜನನದ ಆದೇಶದಲ್ಲೂ ತಾಯಿ ಶಾಂತವ್ವ. ಆದರೆ ಕಿರಿಯ ಮಗನ ಜನನದ ಆದೇಶದಲ್ಲಿ ತಾಯಿಯ ಹೆಸರು ಸುವರ್ಣಾ ಎಂದಿತ್ತು. ಯಾಕೆ ಹೀಗಾಯಿತೆಂದು ವೈನಿಯನ್ನು ಕೇಳಿದಾಗ ಕ್ಷಣದಲ್ಲಿ ತಿಳಿಯಿತು. ಚೊಚ್ಚಲ ಹೆರಿಗೆ ತವರಿನಲ್ಲಾಗಿತ್ತು, ಆ ಊರಿನ ಜನನ ದಾಖಲೆಯಲ್ಲಿ ಅವರು ಆ ಊರಿನ ಮಗಳು ಶಾಂತವ್ವ. ಎರಡನೆಯ ಹೆರಿಗೆ ಗಂಡನ ಮನೆಯ ಕಡೆಯ ಆಸ್ಪತ್ರೆಯಲ್ಲಿ, ಅಲ್ಲಿ ಬರೆಸಿದ್ದು ಸುವರ್ಣಾ. ಎರಡೂ ಪ್ರಮಾಣಪತ್ರಗಳು ಪಲ್ಟನ್ನಿಗೆ ಹೋದವು, ಎರಡನ್ನೂ ಹಾಗೆಯೇ ನಕಲು ಮಾಡಿಕೊಂಡರು. ಅಂದರೆ ಎಂಬತ್ತರ ದಶಕದಿಂದಲೂ ಸೇನೆಯ ಸ್ವಂತ ಕಡತದಲ್ಲೇ ಒಬ್ಬ ಸೈನಿಕನ ಪತ್ನಿಗೆ ಎರಡು ಹೆಸರುಗಳಿದ್ದವು. ನಡುವೆ ಯಾವ ಎರಡನೆಯ ಮದುವೆಯ ಆದೇಶವೂ ಇರಲಿಲ್ಲ.

ಇದಕ್ಕಿಂತ ದೊಡ್ಡ ಆಧಾರ ಪಿಂಚಣಿ ಕಾಗದಗಳಲ್ಲಿತ್ತು. ನಿವೃತ್ತಿಯ ವೇಳೆ ಅಂಟಿಸಿದ ದಂಪತಿಯ ಜಂಟಿ ಫೋಟೊ, ಅದರ ಕೆಳಗೆ 'ಶಾಂತವ್ವ' ಎಂಬ ಬರಹ, ಎಡಗೈ ಹೆಬ್ಬೆಟ್ಟಿನ ಗುರುತು, ಗುರುತಿನ ಚಿಹ್ನೆಯ ಜಾಗದಲ್ಲಿ ಗದ್ದದ ಮೇಲಿನ ಹಚ್ಚೆಯ ಚುಕ್ಕೆ. ಆ ಚುಕ್ಕೆ ನನ್ನ ಎದುರು ಕೂತಿದ್ದ ವೈನಿಯ ಗದ್ದದ ಮೇಲೆ ಹಾಗೆಯೇ ಇತ್ತು. ಹೆಸರು ಬದಲಾಗಿದ್ದರೂ ಹೆಬ್ಬೆಟ್ಟು ಬದಲಾಗುವುದಿಲ್ಲ. ಅಲ್ಲಿಯವರೆಗೆ ನಮ್ಮ ವಾದ 'ಯಾವ ಹೆಸರು ಸರಿ' ಎಂಬ ದಾರಿಯಲ್ಲಿತ್ತು. ಆ ಕಾಗದ ನೋಡಿದ ಮೇಲೆ ಸಾಧಿಸಬೇಕಾದದ್ದು ಬೇರೆಯೇ ಎಂದು ಸ್ಪಷ್ಟವಾಯಿತು: ಎರಡು ಹೆಸರೂ ಸರಿ, ವ್ಯಕ್ತಿ ಒಬ್ಬರೇ.

ಹೊಸ ಅರ್ಜಿ

ಹೊಸ ಅಫಿಡವಿಟ್ ಅನ್ನು ಮ್ಯಾಜಿಸ್ಟ್ರೇಟರ ಮುಂದೆ ಮಾಡಿಸಿದೆವು. 'ತಪ್ಪು', 'ತೆಗೆಯಿರಿ', 'ಸೇರಿಸಿ' ಎಂಬ ಮಾತುಗಳು ಅದರಲ್ಲಿ ಎಲ್ಲೂ ಇರಕೂಡದೆಂದು ಹಟ ಹಿಡಿದೆ. ಅದರ ಮುಖ್ಯ ಭಾಗ ಹೀಗಿತ್ತು: 'ನನಗೆ ಆಗಿರುವುದು ಒಂದೇ ಮದುವೆ. ನನ್ನ ಪತ್ನಿಯ ತವರಿನ ಹೆಸರು ಶಾಂತವ್ವ. ನಮ್ಮ ಮನೆತನದ ಪದ್ಧತಿಯಂತೆ ಮದುವೆಯ ದಿನ ಇಟ್ಟ ಹೆಸರು ಸುವರ್ಣಾ. ಈ ಎರಡೂ ಹೆಸರುಗಳು ಒಬ್ಬರೇ ವ್ಯಕ್ತಿಯವು. ಮದುವೆಯ ಪಾರ್ಟ್ ಟೂ ಆರ್ಡರ್‌ನಲ್ಲಿ ಮೊದಲನೆಯ ಹೆಸರೂ, ಮಗನ ಜನನದ ಪಾರ್ಟ್ ಟೂ ಆರ್ಡರ್‌ನಲ್ಲಿ ಎರಡನೆಯ ಹೆಸರೂ ದಾಖಲಾಗಿವೆ.' ಪತ್ನಿಯಿಂದಲೂ ಇದೇ ಅರ್ಥದ ಪ್ರತ್ಯೇಕ ಅಫಿಡವಿಟ್ ಮಾಡಿಸಿದೆವು. ಗಂಡ ಮಾತ್ರ ಹೇಳಿದರೆ ಅದು ಗಂಡನ ಹೇಳಿಕೆ. ಆಕೆಯೂ ತನ್ನ ತಂದೆಯ ಹೆಸರು, ತವರೂರಿನ ಸಮೇತ ಹೇಳಿದರೆ ಶಾಂತವ್ವ ಎಂಬ ಬೇರೊಬ್ಬಳು ಉಳಿಯುವುದಿಲ್ಲ.

ಜೊತೆಗಿಟ್ಟ ಆಧಾರಗಳಲ್ಲಿ ವಂಶಾವಳಿಗೆ ನಾನು ಹೆಚ್ಚು ತೂಕ ಕೊಡುತ್ತೇನೆ. ನಾಡಕಚೇರಿಯಿಂದ ಪಡೆದ ವಂಶವೃಕ್ಷ ಪ್ರಮಾಣಪತ್ರದಲ್ಲಿ ರಾಮಪ್ಪನವರಿಗೆ ಒಬ್ಬಳೇ ಪತ್ನಿ, ಇಬ್ಬರು ಮಕ್ಕಳು. ಎರಡನೆಯ ಮದುವೆಯ ಪ್ರಶ್ನೆಗೆ ಇಷ್ಟು ನೇರವಾಗಿ ಉತ್ತರಿಸುವ ಕಾಗದ ಹಳ್ಳಿಯ ಮಟ್ಟದಲ್ಲಿ ಬೇರೆ ಸಿಗುವುದಿಲ್ಲ. ಮಗಳ ಮತ್ತು ಮಗನ ಜನನ ಪ್ರಮಾಣಪತ್ರಗಳನ್ನು ಒಂದರ ಪಕ್ಕ ಒಂದು ಬರುವಂತೆ ಇಟ್ಟೆವು. ಮಾಹಿತಿ ಹಕ್ಕಿನಲ್ಲಿ ಬಂದ ಜಂಟಿ ಫೋಟೊದ ಪ್ರತಿ, ಹೊಸ ಜಂಟಿ ಫೋಟೊ, ಹೊಸದಾಗಿ ತೆಗೆದುಕೊಂಡ ಹೆಬ್ಬೆಟ್ಟಿನ ಗುರುತು ಸೇರಿದವು. ವೈನಿ ಸ್ತ್ರೀಶಕ್ತಿ ಸಂಘದಲ್ಲಿ ಸಹಿ ಕಲಿತವರು. ಹೆಬ್ಬೆಟ್ಟು ಒತ್ತಲು ಅವರಿಗೆ ಸುತರಾಂ ಇಷ್ಟವಿರಲಿಲ್ಲ. 'ಸಹಿ ಬರುತ್ತದೆ, ಮತ್ತೆ ಯಾಕೆ ಹೆಬ್ಬೆಟ್ಟು?' ಎಂದರು. ಹಳೆಯ ಕಾಗದದಲ್ಲಿರುವ ಶಾಂತವ್ವನಿಗೂ ಇವತ್ತಿನ ಸುವರ್ಣಾಗೂ ಇರುವ ಕೊಂಡಿ ಆ ಬೆರಳೇ ಎಂದು ವಿವರಿಸಿದ ಮೇಲೆ ಒಪ್ಪಿದರು. ಸಹಿಯನ್ನೂ ಪಕ್ಕದಲ್ಲೇ ಮಾಡಿದರು.

ಜನ್ಮದಿನಾಂಕದಲ್ಲಿ ಒಂದು ಕಠಿಣ ಆಯ್ಕೆ ಎದುರಾಯಿತು. ಶಾಲೆಯ ಉತಾರ, ಅಂದರೆ ದಾಖಲಾತಿ ವಹಿಯ ನಕಲು, ತವರಿನ ಹೆಸರಿಗೂ ತಂದೆಯ ಹೆಸರಿಗೂ ಒಳ್ಳೆಯ ಆಧಾರ. ವೈನಿ ಎರಡನೆಯ ಇಯತ್ತೆಯವರೆಗೆ (ತರಗತಿಯವರೆಗೆ) ಓದಿದ್ದರು, ದಾಖಲಾತಿ ವಹಿಯಲ್ಲಿ ಹೆಸರಿತ್ತು. ಆದರೆ ಅಲ್ಲಿ ಜನ್ಮದಿನಾಂಕ ಜೂನ್ 1. ನಮ್ಮ ತಲೆಮಾರಿನ ಎಷ್ಟೋ ಜನರಿಗೆ ಶಾಲೆ ಶುರುವಾಗುವ ಜೂನ್ ತಿಂಗಳ ಮೊದಲ ದಿನವನ್ನೇ ಮಾಸ್ತರರು ಹುಟ್ಟಿದ ದಿನವಾಗಿ ಬರೆದಿದ್ದಾರೆ. ಆಧಾರ್‌ನಲ್ಲಿ ಜನವರಿ 1, ಅದೂ ಅಂದಾಜೇ. ವರ್ಷ ಮಾತ್ರ ಎರಡರಲ್ಲೂ ಒಂದೇ. ಉತಾರವನ್ನು ಬಿಟ್ಟುಬಿಟ್ಟರೆ ತಕರಾರೇ ಇಲ್ಲ ಎಂದು ಮಗ ಹೇಳಿದ. ಹಾಗೆ ಮುಚ್ಚಿಡುವುದು ನನಗೆ ಸರಿ ಕಾಣಲಿಲ್ಲ. ಶಾಲೆಯ ದಿನಾಂಕ ಅಂದಾಜಿನದು, ಸೇನಾ ದಾಖಲೆಯಲ್ಲಿ ಈ ಜಾಗ ಖಾಲಿಯಿರುವುದರಿಂದ ಆಧಾರ್‌ನ ದಿನಾಂಕವನ್ನು ದಾಖಲಿಸಬೇಕೆಂದು ಅಫಿಡವಿಟ್‌ನಲ್ಲೇ ಒಂದು ಸಾಲು ಬರೆಸಿ ಉತಾರವನ್ನೂ ಇಟ್ಟೆವು. ಕಾಗದ ತಾನಾಗಿ ಮುಂದಿಡುವ ವ್ಯತ್ಯಾಸಕ್ಕೆ ಕಚೇರಿ ಬೆಚ್ಚುವುದಿಲ್ಲ. ತಾನೇ ಕಂಡುಹಿಡಿದ ವ್ಯತ್ಯಾಸವನ್ನು ಸುಲಭವಾಗಿ ಬಿಡುವುದೂ ಇಲ್ಲ.

ಬಿಟ್ಟುಕೊಟ್ಟದ್ದು

ರಾಮಪ್ಪನವರಿಗೆ ತಮ್ಮ ಜನ್ಮದಿನಾಂಕವನ್ನೂ ಇದೇ ಅರ್ಜಿಯಲ್ಲಿ ತಿದ್ದಿಸಬೇಕೆಂಬ ಆಸೆ ಬಲವಾಗಿತ್ತು. ಭರ್ತಿಗೆ ಹೋದಾಗ ವಯಸ್ಸು ಸಾಲದೆ ಎರಡು ವರ್ಷ ಹೆಚ್ಚು ಹೇಳಿದ್ದರು. ಆ ಕಾಲದ ಬಡ ಮನೆಗಳ ಹುಡುಗರಲ್ಲಿ ಇದು ಅಪರೂಪವಲ್ಲ. 'ಸುಳ್ಳು ದಿನಾಂಕ ಹೊತ್ತು ಸಾಯಲೇ?' ಎಂದು ಅವರು ಕೇಳಿದ್ದು ಮನಸ್ಸಿಗೆ ತಾಕಿತು.

ಆದರೂ ನಾನು ಒಪ್ಪಲಿಲ್ಲ. ಸರ್ಕಾರಿ ಸೇವೆಯ ಜನ್ಮದಿನಾಂಕದ ಬಗ್ಗೆ ಸುಪ್ರೀಂ ಕೋರ್ಟ್ ದಶಕಗಳಿಂದ ಒಂದೇ ನಿಲುವಿನಲ್ಲಿದೆ. 1993ರ ಹರ್ನಾಮ್ ಸಿಂಗ್ ಪ್ರಕರಣದಿಂದ ಮುಂದಕ್ಕೆ ಮತ್ತೆ ಮತ್ತೆ ಹೇಳಿರುವುದು ಇಷ್ಟೇ: ಸೇವೆಗೆ ಸೇರಿ ವರ್ಷಗಟ್ಟಲೆ ಸುಮ್ಮನಿದ್ದು ನಿವೃತ್ತಿಯ ಹೊಸ್ತಿಲಲ್ಲಿ ಬಂದು ದಿನಾಂಕ ಬದಲಿಸಿ ಎನ್ನುವಂತಿಲ್ಲ. ನಿವೃತ್ತರಾಗಿ ಮೂವತ್ತು ವರ್ಷ ಕಳೆದವರ ಮಾತು ದೂರವೇ ಉಳಿಯಿತು. ಆ ದಿನಾಂಕವನ್ನು ನಂಬಿಯೇ ಅವರಿಗೆ ಕೆಲಸ ಸಿಕ್ಕಿತು, ಅದರ ಮೇಲೆಯೇ ಪಿಂಚಣಿ ನಿಂತಿದೆ. ಇನ್ನೂ ಮುಖ್ಯವಾದ ಕಾರಣ ಬೇರೆ. ಗೆಲ್ಲಬಹುದಾದ ಬೇಡಿಕೆಯ ಜೊತೆ ಗೆಲ್ಲಲಾಗದ ಬೇಡಿಕೆಯನ್ನು ಒಂದೇ ಅರ್ಜಿಯಲ್ಲಿ ಕಟ್ಟಿದರೆ, ಕಡತ ಪೂರ್ತಿಯಾಗಿ ಪಕ್ಕಕ್ಕೆ ಹೋಗುತ್ತದೆ. ವೈನಿಯ ಹೆಸರು ಅವರ ವಯಸ್ಸಿನ ವಾದಕ್ಕೆ ಬಲಿಯಾಗಬಾರದು ಎಂದೆ. ಅವರು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ 'ಅವಳದ್ದು ಮೊದಲು ಆಗಲಿ' ಎಂದರು.

ಆದರೆ ಆಧಾರ್ ಮತ್ತು ಪಿಪಿಓ ನಡುವಿನ ಎರಡು ವರ್ಷದ ಅಂತರವನ್ನು ಹಾಗೆ ಬಿಡುವಂತೆಯೂ ಇರಲಿಲ್ಲ. ಇಲ್ಲಿ ನಾವು ಎದುರು ದಿಕ್ಕಿನಿಂದ ಹೋದೆವು. ಸೇನಾ ದಾಖಲೆಯ ದಿನಾಂಕ ಕದಲುವುದಿಲ್ಲ, ಆಧಾರ್‌ನದು ಕದಲುತ್ತದೆ. ಪಿಪಿಓವನ್ನೇ ಆಧಾರವಾಗಿ ಕೊಟ್ಟು ಆಧಾರ್‌ನಲ್ಲಿ ದಿನಾಂಕ ತಿದ್ದಿಸಿದೆವು. ಆಧಾರ್‌ನಲ್ಲಿ ಜನ್ಮದಿನಾಂಕವನ್ನು ಬದಲಿಸಲು ಸಾಮಾನ್ಯವಾಗಿ ಒಂದೇ ಅವಕಾಶ, ಹೆಸರನ್ನು ಬದಲಿಸಲು ಎರಡು. ಆ ಒಂದು ಅವಕಾಶವನ್ನು ಎಲ್ಲಿ ಬಳಸಬೇಕೆಂದು ಮೊದಲೇ ನಿರ್ಧರಿಸಿಕೊಂಡಿರಬೇಕು. ಒಂದೇ ಮನೆಯ ಎರಡು ವ್ಯತ್ಯಾಸಗಳು: ಹೆಂಡತಿಯದಕ್ಕೆ ಸೇನಾ ದಾಖಲೆ ಆಧಾರ್‌ನ ಹತ್ತಿರ ಬರಬೇಕಾಯಿತು, ಗಂಡನದಕ್ಕೆ ಆಧಾರ್ ಸೇನಾ ದಾಖಲೆಯ ಹತ್ತಿರ ಹೋಗಬೇಕಾಯಿತು. ಎಲ್ಲವನ್ನೂ ಆಧಾರ್‌ನಂತೆ ಮಾಡಿ ಎಂಬ ಏಜೆಂಟರ ಸೂತ್ರಕ್ಕೆ ಸೇನಾ ಕಾಗದಗಳಲ್ಲಿ ಜಾಗವಿಲ್ಲ. ಯಾವ ಕಾಗದ ಕದಲುವುದಿಲ್ಲವೋ ಅದನ್ನು ಮೊದಲು ಗುರುತಿಸಿ, ಉಳಿದದ್ದನ್ನು ಅದರ ಸುತ್ತ ಸರಿಪಡಿಸಬೇಕು.

ಆದದ್ದು

ಅರ್ಜಿಯನ್ನು ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯ ಮೂಲಕ ಕಳಿಸಿದೆವು. ನೇರವಾಗಿಯೂ ಕಳಿಸಬಹುದು. ಆದರೆ ಆ ಕಚೇರಿಯ ಮುಖಾಂತರ ಹೋದ ಪತ್ರಕ್ಕೆ ಅಲ್ಲೊಂದು ಜಾವಕ (ರವಾನೆ) ಸಂಖ್ಯೆ ಇರುತ್ತದೆ, ವಿಚಾರಿಸಲು ಒಬ್ಬ ಜವಾಬ್ದಾರ ಅಧಿಕಾರಿ ಇರುತ್ತಾರೆ. ಮುಂಗಡ ಪ್ರತಿಯನ್ನು ರೆಕಾರ್ಡ್ಸ್ ಕಚೇರಿಗೂ ಅಂಚೆ ಮಾಡಿದೆವು. ಮುಖಪತ್ರ ಒಂದೇ ಪುಟ. ಹಳೆಯ ಪತ್ರದ ಸಂಖ್ಯೆ, ದಿನಾಂಕವನ್ನು ಉಲ್ಲೇಖಿಸಿ, ಮೊದಲ ಅಫಿಡವಿಟ್‌ನ ಮಾತುಗಳು ಅಸ್ಪಷ್ಟವಾಗಿದ್ದವು, ಅದನ್ನು ಹಿಂಪಡೆಯುತ್ತಿದ್ದೇನೆ ಎಂದು ರಾಮಪ್ಪನವರ ಹೆಸರಿನಲ್ಲಿ ಬರೆದೆವು. ಇದು ತೀರ ಅಗತ್ಯವಾಗಿತ್ತು. ಹಿಂಪಡೆಯದಿದ್ದರೆ ಕಡತದಲ್ಲಿ ಎರಡು ಅಫಿಡವಿಟ್‌ಗಳು ಒಂದಕ್ಕೊಂದು ಎದುರಾಗಿ ಕೂಡುತ್ತಿದ್ದವು.

ರೆಕಾರ್ಡ್ಸ್ ಕಚೇರಿ ಒಂದು ಸಲ ತಿರುಗಿ ಬರೆಯಿತು. ಎರಡು ದಿನಪತ್ರಿಕೆಗಳಲ್ಲಿ, ಒಂದು ಕನ್ನಡದ್ದು ಒಂದು ಇಂಗ್ಲಿಷಿನದು, ಎರಡು ಹೆಸರೂ ಒಬ್ಬರವೇ ಎಂಬ ಪ್ರಕಟಣೆ ಕೊಡಿಸಿ ಮೂಲ ಪುಟಗಳನ್ನು ಕಳಿಸಿ ಎಂದಿತು. ಕೊಡಿಸಿದೆವು. ಗೆಜೆಟ್ ಕೇಳಲಿಲ್ಲ. ಮರಣ ಪ್ರಮಾಣಪತ್ರದ ಪ್ರಶ್ನೆಯೂ ಮತ್ತೆ ಬರಲಿಲ್ಲ. ಸಾಕಷ್ಟು ಕಾದ ಮೇಲೆ ಹೊಸ ಪಾರ್ಟ್ ಟೂ ಆರ್ಡರ್‌ನ ಪ್ರತಿ ಮನೆಗೆ ಬಂತು. ಪತ್ನಿಯ ಹೆಸರು ಸುವರ್ಣಾ, ಶಾಂತವ್ವ ಎಂಬುದು ಮೊದಲಿನ ಹೆಸರು, ಜನ್ಮದಿನಾಂಕ ಆಧಾರ್‌ನದು. ಅದೇ ಕಚೇರಿ ಪ್ರಯಾಗರಾಜ್‌ಗೆ ಪ್ರಸ್ತಾವ ಕಳಿಸಿತು, ತಿದ್ದುಪಡಿ ಪಿಪಿಓ ಹೊರಟಿತು. ಸ್ಪರ್ಶ್‌ನ ಪುಟದಲ್ಲಿ ಹೆಸರು ಬದಲಾಗಲು ಇನ್ನಷ್ಟು ಸಮಯ ಹಿಡಿಯಿತು. ಪಾರ್ಟ್ ಟೂ ಆರ್ಡರ್ ಕೈಗೆ ಬಂದ ಕೂಡಲೇ ಕೆಲಸ ಮುಗಿಯಿತೆಂದು ಅನೇಕರು ನಿಶ್ಚಿಂತರಾಗುತ್ತಾರೆ. ತಿದ್ದುಪಡಿ ಪಿಪಿಓ ಬಂದು, ಸ್ಪರ್ಶ್‌ನಲ್ಲಿ ಅದು ಕಾಣುವವರೆಗೆ ಬೆನ್ನು ಬಿಡಬಾರದು. ವಿಧವೆಯ ಅರ್ಜಿ ಬಂದಾಗ ಪಿಂಚಣಿ ಕಚೇರಿ ತೆರೆದು ನೋಡುವುದು ಆ ಪುಟವನ್ನೇ.

ಹಳೆಯ ಹೆಸರನ್ನು ಪೂರ್ತಿ ಅಳಿಸದೆ ಮೊದಲಿನ ಹೆಸರು ಎಂದು ಉಳಿಸಿಕೊಂಡದ್ದು ನನಗೆ ಬಹಳ ಸಮಾಧಾನ ತಂದಿತು. ಮದುವೆಯ ಆದೇಶ, ಮಗಳ ಜನನದ ಆದೇಶ, ಹಳೆಯ ಪಿಪಿಓ ಇವೆಲ್ಲ ಶಾಂತವ್ವನ ಹೆಸರಿನಲ್ಲೇ ಇವೆ, ಮುಂದೆಯೂ ಇರುತ್ತವೆ. ಅವಕ್ಕೂ ಹೊಸ ದಾಖಲೆಗೂ ನಡುವೆ ಈಗ ಅಧಿಕೃತ ಸಂಬಂಧವಿದೆ. ಇಂಥ ತಿದ್ದುಪಡಿ ಕೇಳುವ ಯಾರೇ ಆಗಲಿ, ಹಳೆಯ ಹೆಸರನ್ನು ಉಲ್ಲೇಖಿಸಿಯೇ ಹೊಸ ಆದೇಶ ಹೊರಡಿಸಿ ಎಂದು ಅರ್ಜಿಯಲ್ಲೇ ಬರೆಯಬೇಕು.

ಇನ್ನೂ ಒಂದು ಕೆಲಸ ಬಾಕಿಯಿದೆ. ಹಿರಿಯ ಮಗಳು ಗಂಡನನ್ನು ಕಳೆದುಕೊಂಡು ಈಗ ತವರಿನಲ್ಲೇ ಇದ್ದಾರೆ. ತಂದೆ ತಾಯಿಯ ಆಶ್ರಯದಲ್ಲಿರುವ ವಿಧವೆ ಮಗಳಿಗೆ, ಅವರಿಬ್ಬರ ಕಾಲಾನಂತರ ನಿಯಮಗಳ ಪ್ರಕಾರ ಕುಟುಂಬ ಪಿಂಚಣಿಯ ಹಕ್ಕಿದೆ. ಜನನದ ಪಾರ್ಟ್ ಟೂ ಆರ್ಡರ್‌ನಲ್ಲಿ ಅವರ ಹೆಸರು ತೊಟ್ಟಿಲಲ್ಲಿ ಇಟ್ಟದ್ದು, ಶಾಲೆಯ ದಾಖಲೆಯಲ್ಲಿ ಬೇರೆ. ಗಂಡನ ಮನೆಯಲ್ಲಿ ಮೂರನೆಯ ಹೆಸರೂ ಬಂದಿದೆ. ಅವರ ಜನನ ಪ್ರಮಾಣಪತ್ರ, ಶಾಲೆಯ ಉತಾರ, ಅಳಿಯನ ಮರಣ ಪ್ರಮಾಣಪತ್ರ, ತಂದೆಯ ಅಫಿಡವಿಟ್ ಇಷ್ಟನ್ನೂ ಜೋಡಿಸಿ ಎರಡನೆಯ ಅರ್ಜಿ ಸಿದ್ಧಪಡಿಸಿದ್ದೇವೆ. ರಾಮಪ್ಪನವರು ಅದಕ್ಕೆ ಸಹಿ ಮಾಡಿ ಕೊಟ್ಟಿದ್ದಾರೆ.